ನಿಂತಾಗ ಬಿಸಿಯಾಗುವ ಬಾಕ್ಸ್‌ಸ್ಟರ್

ನಿಮ್ಮ 2001ರ ಪೋರ್ಷೆ ಬಾಕ್ಸ್‌ಸ್ಟರ್ ಹೆದ್ದಾರಿಯಲ್ಲಿ ಸರಿಯಿದ್ದು, ಸಿಗ್ನಲ್‌ನಲ್ಲಿ ನಿಂತೊಡನೆ ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರುತ್ತದೆ, ವಾಟರ್ ಪಂಪ್ ಬದಲಿಸಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಆತುರಪಡಬೇಡಿ. ಓಡುವಾಗ ತಣ್ಣಗಿದ್ದು ನಿಂತಾಗ ಬಿಸಿಯಾಗುತ್ತದೆ ಎಂದರೆ ಮೊದಲ ಅನುಮಾನ ರೇಡಿಯೇಟರ್‌ಗೆ ಸಿಗುವ ಗಾಳಿಯ ಮೇಲೆ; ನಿಂತಾಗ ಆ ಗಾಳಿಯನ್ನು ಫ್ಯಾನೇ ಎಳೆಯಬೇಕು.

ಈ ಕಾರಿನ ಎಂಜಿನ್ ಸೀಟಿನ ಹಿಂದಿದೆ, ರೇಡಿಯೇಟರ್‌ಗಳು ಮಾತ್ರ ಮುಂದಿನ ಬಂಪರಿನ ಎರಡೂ ಮೂಲೆಗಳಲ್ಲಿವೆ. ಎಸಿ ಹಾಕಿ, ಎರಡೂ ಕಡೆ ಕಿವಿಗೊಟ್ಟು ಕೇಳಿ. ಎರಡೂ ಫ್ಯಾನ್ ತಿರುಗಬೇಕು. ಸದ್ದಿಲ್ಲದಿದ್ದರೆ ಫ್ಯೂಸ್, ರಿಲೇ (ಫ್ಯಾನಿಗೆ ಕರೆಂಟ್ ಕೊಡುವ ಸ್ವಿಚ್), ಆಮೇಲೆ ಫ್ಯಾನನ್ನು ಕಡಿಮೆ ವೇಗದಲ್ಲಿ ಓಡಿಸಲು ಕರೆಂಟ್ ತಗ್ಗಿಸುವ ರೆಸಿಸ್ಟರ್ ಪರೀಕ್ಷಿಸಿ. ಈ ರೆಸಿಸ್ಟರ್ ಸುಟ್ಟುಹೋಗುವುದು ಇದರಲ್ಲಿ ಮಾಮೂಲು.

ಫ್ಯಾನ್ ಸರಿಯಿದ್ದರೂ ಬಂಪರ್ ಬಿಚ್ಚಲೇಬೇಕು. ನನ್ನ ಕಾರಿನದನ್ನು ಬಿಚ್ಚಿದ ದಿನ ಎಸಿ ಕಂಡೆನ್ಸರ್‌ಗೂ (ರೇಡಿಯೇಟರ್ ಮುಂದೆ ಕೂರುವ, ಎಸಿಯ ಬಿಸಿ ಹೊರಹಾಕುವ ಜಾಲರಿ) ರೇಡಿಯೇಟರ್‌ಗೂ ನಡುವೆ ಕೊಳೆತ ಎಲೆಗಳು ಕಂಬಳಿಯಂತೆ ಒತ್ತಿ ಕೂತಿದ್ದವು. ಹೊರಗಿನಿಂದ ನೋಡಿದರೆ ಇದು ಕಾಣುವುದೇ ಇಲ್ಲ! ಕಂಡೆನ್ಸರಿನ ಸ್ಕ್ರೂ ತೆಗೆದು, ಪೈಪ್ ಕಳಚದೆ ಮುಂದಕ್ಕೆ ಸರಿಸಿ, ಮೆದು ಬ್ರಷ್ಷಿನಿಂದ ತೆಗೆಯಿರಿ. ಜೋರು ನೀರು ಬಿಟ್ಟರೆ ಅವುಗಳ ತೆಳು ಲೋಹದ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಕೂಲಂಟ್ (ಎಂಜಿನ್ ತಣಿಸುವ ದ್ರವ) ಕಡಿಮೆಯಾಗುತ್ತಿದ್ದರೆ ಹಿಂದಿನ ಡಿಕ್ಕಿಯ ಕಾರ್ಪೆಟ್ ಎತ್ತಿ ಮುಟ್ಟಿ ನೋಡಿ. ಒದ್ದೆಯಿದ್ದರೆ ಅಲ್ಲಿರುವ ಕೂಲಂಟಿನ ಪ್ಲಾಸ್ಟಿಕ್ ಟ್ಯಾಂಕ್ ಬಿರುಕು ಬಿಟ್ಟಿರಬಹುದು. ಎಂಜಿನ್ ಪೂರ್ತಿ ತಣಿಯುವವರೆಗೆ ಮುಚ್ಚಳ ತೆರೆಯಬೇಡಿ. ಮತ್ತೆ ತುಂಬಿಸುವಾಗ ಮೊದಲು ಗಾಳಿಯನ್ನು ಹೀರಿ ತೆಗೆಯುವ ನಿರ್ವಾತ ಉಪಕರಣ ಬಳಸಿದರೆ ಉದ್ದ ಪೈಪುಗಳಲ್ಲಿ ಗಾಳಿ ಉಳಿಯುವುದಿಲ್ಲ. ಪಂಪಿನಿಂದ ಸೋರಿಕೆಯೋ ಕರಕರ ಸದ್ದೋ ಇದ್ದರೆ ಮಾತ್ರ ಅದಕ್ಕೆ ಕೈಹಾಕಿ. ಫ್ಯಾನ್ ತಿರುಗಿತೇ ಎಂಬುದನ್ನು ಮರೆಯದೆ ತಿಳಿಸಿ.