ಸಂಪಾದಕರ ಉತ್ತರ: ಅಳಿಸಿಹೋದ ಪುಟ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ಕೈಸೇರಿತು. ಬೇರೆ ಓದುಗರಿಗೂ ವಿಷಯ ಗೊತ್ತಾಗಲಿ ಅಂತ ಅದರಲ್ಲಿರುವುದನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ನೀವು ಚಾಮರಾಜಪೇಟೆಯವರು, ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತರಾದವರು. ಹಳೆಯ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪ್ರತಿ ಮಾರ್ಚ್‌ನಲ್ಲಿ 1791ರಲ್ಲಿ ಟಿಪ್ಪುವಿನ ಬೆಂಗಳೂರು ಕೋಟೆ ಬ್ರಿಟಿಷರ ಕೈಗೆ ಬಿದ್ದ ರಾತ್ರಿಯನ್ನು ಮೈದಾನದಲ್ಲಿ ಆಡಿ ತೋರಿಸುತ್ತೀರಿ. ಕಳೆದ ವರ್ಷದಿಂದ ನಿಮ್ಮಲ್ಲಿ ಏಳು ಜನ ಭಾನುವಾರ ಬೆಳಿಗ್ಗೆ ಒಟ್ಟಿಗೆ ಕೂತು, ಇಂಥ ಆಟಗಳ ಬಗ್ಗೆ ಕನ್ನಡ ವಿಕಿಪೀಡಿಯಕ್ಕೆ ಲೇಖನ ಬರೆಯುತ್ತಿದ್ದೀರಿ. ನಿಮ್ಮ ತಂಡದ ಮೇಲೆ ಬರೆದ ಪುಟವನ್ನು ಅಲ್ಲಿನವರು ಅಳಿಸಿದರು. ಇನ್ನೆರಡು ಪುಟಗಳ ಮೇಲೆ ‘ಉಲ್ಲೇಖ ಬೇಕು’ ಅಂತ ಚೀಟಿ ಹಚ್ಚಿದರು. ‘ನಾವೇ ಆಡಿದ್ದೇವೆ, ನಾವೇ ನೋಡಿದ್ದೇವೆ, ಇದಕ್ಕಿಂತ ದೊಡ್ಡ ಸಾಕ್ಷಿ ಯಾವುದು? ಹುಡುಗರು ಬೇಜಾರಾಗಿದ್ದಾರೆ. ನಿಲ್ಲಿಸಿಬಿಡೋಣವೇ?’ ಇದು ನಿಮ್ಮ ಪ್ರಶ್ನೆ.

ನಿಲ್ಲಿಸಬೇಡಿ. ಅಳಿಸಿದವರ ಮೇಲೆ ಸಿಟ್ಟೂ ಬೇಡ. ಅವರು ಮಾಡಿದ್ದು ಸರಿ ಅಂತ ನನಗೆ ಅನ್ನಿಸುತ್ತದೆ. ಯಾಕೆ ಅನ್ನುವ ಮೊದಲು ನಮ್ಮ ಪತ್ರಿಕೆಯ ಒಂದು ತಪ್ಪನ್ನು ನಿಮಗೆ ಹೇಳಬೇಕು.

ಕೆಲವು ವರ್ಷಗಳ ಹಿಂದೆ ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಬಗ್ಗೆ ಲೇಖನ ಹಾಕಿದ್ದೆವು. 1930ರಲ್ಲಿ ಅಲ್ಲಿನ ಕಡಲ ದಂಡೆಯಲ್ಲಿ ಜನ ಉಪ್ಪು ಮಾಡಿ ಕಾನೂನು ಮುರಿದ ಕಥೆ. ಜೊತೆಗೆ ಕಪ್ಪು ಬಿಳುಪಿನ ಒಂದು ಫೋಟೋ. ಬಿಳಿ ಟೋಪಿ ಹಾಕಿಕೊಂಡವರು ಮಡಕೆಯ ಸುತ್ತ ಬಗ್ಗಿ ಕೂತಿದ್ದರು. ‘ಅಂಕೋಲೆಯ ಸತ್ಯಾಗ್ರಹಿಗಳು, 1930’ ಅಂತ ಅಡಿಬರಹ ಬರೆದವನು ನಾನೇ. ಸಂಚಿಕೆ ಹೊರಬಂದ ಹತ್ತು ದಿನಕ್ಕೆ ಆ ಕಡೆಯ ಓದುಗರೊಬ್ಬರ ಪತ್ರ ಬಂತು. ಅದು ಸತ್ಯಾಗ್ರಹದ ನೆನಪಿಗೆ ಊರಿನ ಹುಡುಗರು ಆಡಿ ತೋರಿಸಿದಾಗ ತೆಗೆದ ಫೋಟೋ, ಎಡಗಡೆಯಿಂದ ಮೂರನೆಯವನು ನನ್ನ ಅಕ್ಕನ ಮಗ ಅಂತ ಬರೆದಿದ್ದರು. ಭೂತಗನ್ನಡಿ ಹಿಡಿದು ನೋಡಿದೆ. ಹುಡುಗನ ಮಣಿಕಟ್ಟಿನಲ್ಲಿ ಡಿಜಿಟಲ್ ವಾಚು ಇತ್ತು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿದೆವು. ಅಷ್ಟರಲ್ಲಿ ಆ ಫೋಟೋ ನನ್ನ ಅಡಿಬರಹದ ಸಮೇತ ಮೊಬೈಲಿನಿಂದ ಮೊಬೈಲಿಗೆ ಹೋಗಿಯಾಗಿತ್ತು. ಈಗಲೂ ಆಗಸ್ಟ್ 15 ಬಂದರೆ ಯಾರಾದರೂ ಅದನ್ನು ನನಗೇ ಕಳಿಸುತ್ತಾರೆ.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. 1917ರಲ್ಲಿ ರಷ್ಯಾದಲ್ಲಿ ಲೆನಿನ್ ಪಕ್ಷದ ಬೋಲ್ಶೆವಿಕರು ಚಳಿಗಾಲದ ಅರಮನೆಗೆ ನುಗ್ಗಿದರಲ್ಲ, ಅದನ್ನು ಮೂರು ವರ್ಷದ ನಂತರ, 1920ರಲ್ಲಿ, ಅದೇ ಅರಮನೆಯ ಮುಂದೆ ಸಾವಿರಾರು ಜನ ಸೇರಿ ಆಡಿ ತೋರಿಸಿದರು. ನಿಕೊಲಾಯ್ ಎವ್ರೇನೊವ್ ಅನ್ನುವ ರಂಗನಿರ್ದೇಶಕ ಅದನ್ನು ನಡೆಸಿದ. ಆ ಆಟದ ಫೋಟೋವನ್ನೇ ಕ್ರಾಂತಿಯ ನಿಜವಾದ ಫೋಟೋ ಅಂತ ಎಷ್ಟೋ ಪುಸ್ತಕಗಳು ಅಚ್ಚು ಹಾಕಿದವು. ಆಟ ಚೆನ್ನಾಗಿದ್ದಷ್ಟೂ ಈ ಅಪಾಯ ಜಾಸ್ತಿ ಮೇಷ್ಟ್ರೇ. ನಿಮ್ಮ ಹುಡುಗರು ಚೆನ್ನಾಗಿ ಆಡುತ್ತಾರೆ ಅಂತ ಕೇಳಿದ್ದೇನೆ. ಅದಕ್ಕೇ ಹೇಳುತ್ತಿರುವುದು.

ನಿಮ್ಮ ಭಾನುವಾರದ ಬಳಗದ ಮೊದಲ ಕೆಲಸ ಇದೇ ಆಗಲಿ ಅಂತ ನನ್ನ ಆಸೆ: ನಡೆದದ್ದು ಬೇರೆ, ಆಡಿದ್ದು ಬೇರೆ ಅಂತ ಪುಟ ಪುಟದಲ್ಲೂ ಬಿಡಿಸಿ ಇಡುವುದು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತ ಕಾಳಗಕ್ಕೆ ಒಂದು ಪುಟ. ಪ್ರತಿ ಅಕ್ಟೋಬರ್‌ನಲ್ಲಿ ನಡೆಯುವ ಕಿತ್ತೂರು ಉತ್ಸವಕ್ಕೆ ಇನ್ನೊಂದು. ಉತ್ಸವದಲ್ಲಿ ಚೆನ್ನಮ್ಮನ ಪಾತ್ರಧಾರಿ ಕುದುರೆ ಏರಿದ ಫೋಟೋ ಎರಡನೆಯ ಪುಟದಲ್ಲಿರಲಿ, ಮೊದಲನೆಯದರಲ್ಲಿ ಬೇಡ. ವಿಕಿಪೀಡಿಯದ ಫೋಟೋಗಳನ್ನು ಇಡುವ ವಿಕಿಮೀಡಿಯ ಕಾಮನ್ಸ್‌ಗೆ ಫೋಟೋ ಏರಿಸುವಾಗ ವಿವರಣೆಯ ಮೊದಲ ಸಾಲಿನಲ್ಲೇ ‘ಇದು ಮರುಅಭಿನಯ’ ಅಂತ ಬರೆಯಿರಿ. ಕೊನೆಯ ಸಾಲಿನಲ್ಲಿ ಬರೆದರೆ ಯಾರೂ ಓದುವುದಿಲ್ಲ. ಅದಕ್ಕೆ ನಾನೇ ಸಾಕ್ಷಿ.

‘ಮರುಅಭಿನಯ’ ಅಂದೆನಲ್ಲ, ಆ ಪದದ ಬಗ್ಗೆ ನಿಮ್ಮ ಬಳಗದಲ್ಲೇ ಜಗಳ ಆಗಿದೆ ಅಂತ ಬರೆದಿದ್ದೀರಿ. ‘ಅಣಕು ಯುದ್ಧ’ ಅಂತ ಒಬ್ಬರು, ‘ರೂಪಕ’ ಅಂತ ಇನ್ನೊಬ್ಬರು. ಅಣಕು ಬೇಡ. ಬೆಂಕಿ ಆರಿಸುವವರ ಅಣಕು ಕಾರ್ಯಾಚರಣೆ ನೆನಪಾಗುತ್ತದೆ, ಗೇಲಿ ಮಾಡಿದ ಹಾಗೂ ಕೇಳುತ್ತದೆ. ರೂಪಕ ಅಂದರೆ ಶಾಲೆಯ ವಾರ್ಷಿಕೋತ್ಸವ ಕಣ್ಣ ಮುಂದೆ ಬರುತ್ತದೆ. ಮರುಅಭಿನಯವೂ ಪೂರ್ತಿ ಒಪ್ಪುವುದಿಲ್ಲ. ಇದರಲ್ಲಿ ಅಭಿನಯಕ್ಕಿಂತ ಬಟ್ಟೆಯ ಹೊಲಿಗೆ, ಬೂಟಿನ ಅಟ್ಟೆ, ಒಲೆಯ ಮೇಲಿನ ಗಂಜಿ ಇವುಗಳಿಗೇ ಬೆಲೆ ಜಾಸ್ತಿ. ಆದರೂ ಓದಿದ ಕೂಡಲೇ ಅರ್ಥ ಆಗುತ್ತದೆ, ಹಾಗಾಗಿ ನನ್ನ ಮತ ಅದಕ್ಕೇ. ಉಳಿದ ಎರಡು ಹೆಸರಿನಲ್ಲಿ ಹುಡುಕಿದರೂ ಅದೇ ಪುಟ ತೆರೆಯುವ ಹಾಗೆ ಮಾಡಬಹುದು ಅಲ್ವಾ? ಪದ ಗಟ್ಟಿ ಮಾಡುವ ಮೊದಲು ಕನ್ನಡ ವಿಕಿಪೀಡಿಯದ ಅರಳಿ ಕಟ್ಟೆಯಲ್ಲಿ ಒಂದು ಮಾತು ಕೇಳಿ. ಆ ಚರ್ಚೆಯ ಪುಟಕ್ಕೆ ಅರಳಿ ಕಟ್ಟೆ ಅಂತ ಹೆಸರಿಟ್ಟವರಿಗೆ ನಾನು ಮನಸ್ಸಿನಲ್ಲೇ ಎಷ್ಟೋ ಸಲ ಕೈ ಮುಗಿದಿದ್ದೇನೆ. ಅಲ್ಲಿ ಕೂತವರು ನಿಮ್ಮ ಹಾಗೇ ಸಂಬಳ ಇಲ್ಲದೆ, ರಾತ್ರಿ ಊಟ ಆದಮೇಲೆ ಬರೆಯುವ ಜನ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಇಂಥವರಿಂದಲೇ ಇಲ್ಲಿಯವರೆಗೆ ಬಂದಿರುವುದು.

ಈಗ ಸಾಕ್ಷಿಯ ಪ್ರಶ್ನೆ. ನೀವು ನೋಡಿದ್ದೀರಿ, ನಿಜ. ನಾನು ನಿಮ್ಮನ್ನು ನಂಬುತ್ತೇನೆ. ಆದರೆ ಬೀದರಿನಲ್ಲೋ ಪುತ್ತೂರಿನಲ್ಲೋ ಆ ಪುಟ ತೆರೆದ ಹುಡುಗಿಗೆ ನೀವು ಯಾರು ಅಂತ ಗೊತ್ತಿಲ್ಲ. ಆಕೆ ನಂಬಬೇಕಾದ್ದು ನಿಮ್ಮನ್ನಲ್ಲ, ಅವಳೇ ತೆಗೆದು ನೋಡಬಹುದಾದ ಒಂದು ಅಚ್ಚಾದ ಬರಹವನ್ನು. ಅದಕ್ಕೇ ಅಲ್ಲಿ ಸ್ವಂತ ಸಂಶೋಧನೆಗೆ ಜಾಗ ಇಲ್ಲ. ನಿಮ್ಮ ತಂಡಕ್ಕೆ ಸಂಬಂಧ ಇಲ್ಲದವರು ನಿಮ್ಮ ಬಗ್ಗೆ ಸ್ವಲ್ಪ ವಿವರವಾಗಿ ಬರೆದಿರಬೇಕು, ಆಮೇಲೆ ಪುಟ. ಆಗಲೂ ತಮ್ಮ ಪುಟವನ್ನು ತಾವೇ ಬರೆದುಕೊಳ್ಳದಿರುವುದು ಒಳ್ಳೆಯದು. ಇದು ನಿಮಗೆ ಮಾಡಿದ ಅವಮಾನ ಅಲ್ಲ. ಇಂಗ್ಲೆಂಡಿನಲ್ಲಿ ಸೀಲ್ಡ್ ನಾಟ್ ಅಂತ ಒಂದು ಸಂಘ ಇದೆ. 1968ರಲ್ಲಿ ಬ್ರಿಗೇಡಿಯರ್ ಪೀಟರ್ ಯಂಗ್ ಶುರು ಮಾಡಿದ್ದು. 17ನೇ ಶತಮಾನದ ಅವರ ಅಂತರ್ಯುದ್ಧವನ್ನು ಮೈದಾನದಲ್ಲಿ ಆಡುತ್ತಾರೆ. ಅವರಿಗೂ ನಿಮಗೂ ನಿಯಮ ಒಂದೇ. ವ್ಯತ್ಯಾಸ ಏನೆಂದರೆ, ಅವರ ಬಗ್ಗೆ ಅಲ್ಲಿನ ಪತ್ರಿಕೆಗಳು ಐವತ್ತು ವರ್ಷಕ್ಕೂ ಮೇಲೆ ಬರೆದಿವೆ. ನಿಮ್ಮ ಬಗ್ಗೆ ನಾವು ಒಂದು ಸಾಲೂ ಬರೆದಿಲ್ಲ. ಕಾರ್ಯಕ್ರಮದ ದಿನ ‘ಇಂದು ನಗರದಲ್ಲಿ’ ಅಂಕಣದಲ್ಲಿ ಜಾಗ, ಸಮಯ ಹಾಕಿ ಕೈ ತೊಳೆದುಕೊಂಡಿದ್ದೇವೆ. ನಿಮ್ಮ ಪುಟ ಅಳಿಸಿಹೋದದ್ದರಲ್ಲಿ ನಮ್ಮಂಥ ಪತ್ರಿಕೆಗಳ ಪಾಲು ದೊಡ್ಡದು.

ನಿಮ್ಮ ಪತ್ರದ ಮೂರನೆಯ ಪುಟ ಓದುವಾಗ ಇದು ನನಗೆ ಹೊಳೆದದ್ದು. ಒಡೆದ ಕೋಟೆ ಗೋಡೆಯ ಕಲ್ಲುಮಣ್ಣಿನ ರಾಶಿ ಅಂತ ಮರಳು ಮೂಟೆ ಪೇರಿಸಿದ್ದೀರಿ. ಮರದ ಬಂದೂಕಿಗೆ ಸೀಸದ ತುಂಡು ಕಟ್ಟಿ ಅಂದಿನ ಬಂದೂಕಿನ ತೂಕಕ್ಕೆ, ನಾಲ್ಕೂವರೆ ಕಿಲೋಗೆ, ತಂದಿದ್ದೀರಿ. ಹುಡುಗರು ಕತ್ತಲಲ್ಲಿ ಹತ್ತಲು ಹೋದರೆ ಪ್ರತಿ ಹೆಜ್ಜೆಗೂ ಎಡಗೈ ನೆಲಕ್ಕೆ ಊರಲೇಬೇಕು, ಬಂದೂಕು ಬಲಗೈಯಲ್ಲೇ ಜೋತಾಡುತ್ತದೆ, ಮೇಲೆ ಮುಟ್ಟುವವರೆಗೆ ಗುಂಡು ಹೊಡೆಯುವ ಮಾತೇ ಇಲ್ಲ. ‘ಚಿತ್ರಗಳಲ್ಲಿ ಎಲ್ಲರೂ ನಿಂತುಕೊಂಡು ಗುರಿ ಇಡುತ್ತಾರೆ ಸಾರ್, ಹತ್ತಿ ನೋಡಿದಮೇಲೆ ನಮಗೆ ಗೊತ್ತಾಯಿತು’ ಅಂತ ಬರೆದಿದ್ದೀರಿ. ಮೇಷ್ಟ್ರೇ, ನಾನು ಇದನ್ನು ಬೇರೆಲ್ಲೂ ಓದಿರಲಿಲ್ಲ. ವಿಕಿಪೀಡಿಯ ಇದನ್ನು ಈಗ ತೆಗೆದುಕೊಳ್ಳಲಾರದು. ನಾವು ತೆಗೆದುಕೊಳ್ಳಬಹುದು. 800 ಪದಗಳಲ್ಲಿ ಬರೆದು ಕಳಿಸಿ, ನಿಮ್ಮ ಹೆಸರಿನಲ್ಲೇ ಹಾಕುತ್ತೇವೆ. ತಂಡದ ಬಗ್ಗೆ ಮಾತ್ರ ನಮ್ಮ ವರದಿಗಾರರೇ ಬಂದು ನೋಡಿ ಬೇರೆಯಾಗಿ ಬರೆಯಲಿ. ಆಮೇಲೆ ಅವನ್ನು ಉಲ್ಲೇಖವಾಗಿ ಬಳಸಬೇಕೋ ಬೇಡವೋ ಅನ್ನುವುದನ್ನು ನಿಮ್ಮ ಬಳಗದ ಹೊರಗಿನವರು ಯೋಚಿಸಲಿ.

ಅಲ್ಲಿಯವರೆಗೆ ಕೈ ಕಟ್ಟಿ ಕೂರಬೇಕಿಲ್ಲ. ಕೋಟೆ ಬಿದ್ದ ಘಟನೆಯ ಪುಟವನ್ನೇ ಮೊದಲು ಗಟ್ಟಿ ಮಾಡಿ. 1791ರ ಮಾರ್ಚ್ 21ರ ರಾತ್ರಿ, ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ, ಕಾದಾಡುತ್ತಲೇ ಸತ್ತ ಕಿಲ್ಲೇದಾರ, ಅಂದರೆ ಕೋಟೆಯ ಮುಖ್ಯಸ್ಥ, ಬಹಾದ್ದೂರ್ ಖಾನ್. ಇವೆಲ್ಲ ಅಚ್ಚಿನಲ್ಲಿವೆ. ಕೆ.ಆರ್. ಮಾರ್ಕೆಟ್ ಹತ್ತಿರ ಉಳಿದಿರುವ ಕೋಟೆಯ ಗೋಡೆಯಲ್ಲಿ, ಬ್ರಿಟಿಷರು ನುಗ್ಗಿದ್ದು ಇಲ್ಲೇ ಅಂತ ತಾರೀಕಿನ ಸಮೇತ ಹೇಳುವ ಕಲ್ಲಿನ ಫಲಕ ಇದೆ. ಬೆಳಗಿನ ಬಿಸಿಲಲ್ಲಿ ಹೋಗಿ ಅದರ ಫೋಟೋ ತೆಗೆಯಿರಿ. ನೀವೇ ತೆಗೆದ ಫೋಟೋ ಆದ್ದರಿಂದ ಕಾಮನ್ಸ್‌ಗೆ ಹಾಕಲು ಅಡ್ಡಿ ಇಲ್ಲ. ಪತ್ರಿಕೆಯಿಂದ ಕತ್ತರಿಸಿದ್ದನ್ನು ಮಾತ್ರ ಏರಿಸಬೇಡಿ. ಇನ್ನೊಂದು ಮಾತು. ಕಾರ್ನ್‌ವಾಲಿಸ್‌ನ ಕಡೆ ಮದ್ರಾಸಿನ ಸಿಪಾಯಿಗಳೂ ಇದ್ದರು. ನಿಮ್ಮ ಕರಡಿನಲ್ಲಿ ಒಂದು ಕಡೆ ಬರೀ ವೀರರು, ಇನ್ನೊಂದು ಕಡೆ ಬರೀ ಕೆಂಪಂಗಿಯವರು. ಮೈದಾನದಲ್ಲಿ ಅದು ನಡೆದೀತು, ವಿಶ್ವಕೋಶದಲ್ಲಿ ನಡೆಯುವುದಿಲ್ಲ.

ಹೊರದೇಶದ ಲೇಖನಗಳನ್ನು ಇಂಗ್ಲಿಷಿನಿಂದ ತರುವುದಾದರೆ ನಾಲ್ಕೈದು ಸಾಕು, ಆದರೆ ಓದುವ ಹಾಗಿರಲಿ. 2010ರ ಸುಮಾರಿಗೆ ಯಂತ್ರದ ಸಹಾಯದಿಂದ ಅನುವಾದವಾಗಿ ಬಂದು ಬಿದ್ದ ಉದ್ದುದ್ದ ಲೇಖನಗಳು ನಿಮಗೆ ನೆನಪಿರಬಹುದು. ಕನ್ನಡ ಅಕ್ಷರ ಇತ್ತು, ಕನ್ನಡ ಇರಲಿಲ್ಲ. ಸುಮ್ನೆ ಸಂಖ್ಯೆ ಏರಿಸಲು ಹೋಗಬೇಡಿ. ನನ್ನನ್ನು ಕೇಳಿದರೆ ಗೆಟಿಸ್‌ಬರ್ಗ್‌ನಿಂದ ಶುರು ಮಾಡಿ ಅನ್ನುತ್ತೇನೆ. 1863ರಲ್ಲಿ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿ ಹೊಡೆದಾಡಿದ ಎರಡೂ ಕಡೆಯ ಸೈನಿಕರು, ಐವತ್ತು ವರ್ಷ ಆದಮೇಲೆ, 1913ರಲ್ಲಿ, ಮುದುಕರಾಗಿ ಅದೇ ಬಯಲಿಗೆ ಬಂದರು. ಅಂದು ಗುಂಡಿನ ಮಳೆಯಲ್ಲಿ ನುಗ್ಗಿದ ಜಾಗದಲ್ಲೇ ಮತ್ತೆ ನಡೆದು ಹೋಗಿ, ಕಲ್ಲಿನ ಗೋಡೆಯ ಎರಡು ಬದಿ ನಿಂತು ಕೈ ಕುಲುಕಿದರು. ನಿಮ್ಮ ಹುಡುಗರು ಇದನ್ನು ಕನ್ನಡದಲ್ಲಿ ಬರೆಯಬೇಕು ಅಂತ ನನಗೆ ತುಂಬಾ ಆಸೆ.

ಪಟ್ಟಿಯಲ್ಲಿ ಬೆಂಗಳೂರು ಕರಗ ಕೂಡ ಸೇರಿಸಿದ್ದೀರಿ. ಅದನ್ನು ತೆಗೆದುಬಿಡಿ. ಕರಗದ ಜೊತೆ ಸಾಗುವ ವೀರಕುಮಾರರ ಕೈಯಲ್ಲಿ ಕತ್ತಿ ಇರಬಹುದು, ಅದು ಪೂಜೆ. ಆಡುವವರು ಆಟ ಅಂತ ಒಪ್ಪದಿರುವುದನ್ನು ನಾವು ಆಟದ ವರ್ಗಕ್ಕೆ ಎಳೆಯಬಾರದು. ದಂಡಿ ಯಾತ್ರೆಯ 75ನೇ ವರ್ಷಕ್ಕೆ 2005ರಲ್ಲಿ ಅದೇ ದಾರಿಯಲ್ಲಿ ಮತ್ತೆ ನಡೆದದ್ದು ಮಾತ್ರ ಖಂಡಿತ ಇರಲಿ.

ಕೆಲಸ ಹಂಚುವಾಗ ಎಲ್ಲರಿಗೂ ಬರೆಯುವ ಕೆಲಸ ಕೊಡಬೇಡಿ. ಏಳು ಜನರಲ್ಲಿ ಇಬ್ಬರು ಬರೆದರೆ ಸಾಕು. ಇಬ್ಬರು ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದಲ್ಲೋ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯಲ್ಲೋ ಕೂತು ಹಳೆಯ ಪುಸ್ತಕ ತಿರುವಲಿ, ಪುಟಸಂಖ್ಯೆ ಸಮೇತ ಟಿಪ್ಪಣಿ ತರಲಿ. ಒಬ್ಬರು ಕಾಮನ್ಸ್‌ನಲ್ಲಿ ಈಗಾಗಲೇ ಇರುವ ಫೋಟೋಗಳ ವಿವರಣೆ ತಿದ್ದಲಿ. ಉಳಿದವರು ಚುಟುಕು ಲೇಖನಗಳನ್ನು ಹುಡುಕಿ ಅವುಗಳ ಚರ್ಚೆ ಪುಟದಲ್ಲಿ ಏನು ಕೊರತೆ ಅಂತ ಬರೆದಿಡಲಿ. ಕಣ್ಣಿಗೆ ಕಾಣದ ಈ ಕೊನೆಯ ಕೆಲಸವನ್ನು ನಿಮ್ಮ ಅತಿ ತಾಳ್ಮೆಯ ವಿದ್ಯಾರ್ಥಿಗಳಿಗೆ ಕೊಡಿ.

ನಾನೂ ಒಂದು ಕೆಲಸ ಹೊತ್ತುಕೊಂಡಿದ್ದೇನೆ. ಈ ಸಂಚಿಕೆಯ 4ನೇ ಪುಟದಲ್ಲಿ ಅಂಕೋಲೆಯ ಆ ಫೋಟೋವನ್ನು ಮತ್ತೆ ಹಾಕಿದ್ದೇವೆ, ಹಳೆಯ ಅಳತೆಯಲ್ಲೇ. ಈ ಸಲ ಅಡಿಬರಹ ಸರಿಯಾಗಿದೆ, ವಾಚಿನ ಸುತ್ತ ಕೆಂಪು ಗೆರೆ ಇದೆ. ನೀವು ಲೇಖನದ ಜೊತೆ ಫೋಟೋ ಕಳಿಸುವಾಗ ಪ್ರತಿಯೊಂದರ ಹಿಂದೆ ಪೆನ್ಸಿಲಿನಲ್ಲಿ ಮೈದಾನದ ಹೆಸರು, ತಾರೀಕು, ಬಂದೂಕು ಹಿಡಿದವನ ಹೆಸರು ಬರೆದು ಕಳಿಸಿ.

ಇಂತಿ ನಿಮ್ಮ,
ಸಂಪಾದಕ