ಓದುಗರ ಪ್ರಶ್ನೆ, ನಮ್ಮ ಉತ್ತರ: ನೋಟಿಗೊಂದು ಕ್ರಿಯಾಪದ, ಪ್ರಮಾಣಪತ್ರಕ್ಕೊಂದು

ಪ್ರಶ್ನೆ: ನಾನು ರಾಯಚೂರಿನಲ್ಲಿ ಪದವಿ ಓದುತ್ತಿದ್ದೇನೆ. ಒಂದೂವರೆ ವರ್ಷದಿಂದ ಆನ್‌ಲೈನ್ ತರಗತಿಯಲ್ಲಿ ಕೊರಿಯನ್ ಕಲಿಯುತ್ತಿದ್ದೇನೆ. ಮೊನ್ನೆ ಮನೆಗೆಲಸವಾಗಿ ‘ಸಹಾಯಕ ಆಯುಕ್ತರು ನನಗೆ 371(ಜೆ) ಪ್ರಮಾಣಪತ್ರವನ್ನು ನೀಡಿದರು’ ಎಂಬ ವಾಕ್ಯವನ್ನು ಬರೆಯುವಾಗ ನಿಘಂಟು ನೋಡಿ ‘ಬಾಲ್‌ಹೆಂಗ್‌ಹಾದಾ’ ಎಂಬ ಕ್ರಿಯಾಪದವನ್ನು ಬಳಸಿದೆ. ಶಿಕ್ಷಕಿಯವರು ಅದರ ಮೇಲೆ ಕೆಂಪು ಗೆರೆ ಎಳೆದು ‘ಬಾಲ್‌ಗುಫಾದಾ’ ಎಂದು ತಿದ್ದಿದರು. ನಾನು ನೋಡಿದ ನಿಘಂಟಿನಲ್ಲಿ ಎರಡಕ್ಕೂ ‘ಇಷ್ಯೂ’ ಎಂಬ ಒಂದೇ ಇಂಗ್ಲಿಷ್ ಪದವನ್ನು ಕೊಟ್ಟಿದ್ದಾರೆ. ನನ್ನ ತಪ್ಪು ಯಾವುದು, ಮತ್ತು ಇವುಗಳನ್ನು ಕನ್ನಡದಲ್ಲಿ ಹೇಗೆ ಬೇರ್ಪಡಿಸಿ ನೆನಪಿಟ್ಟುಕೊಳ್ಳಬೇಕು? – ಓದುಗರೊಬ್ಬರು, ರಾಯಚೂರು

ಉತ್ತರ: ನಿಮ್ಮನ್ನು ದಾರಿ ತಪ್ಪಿಸಿದ್ದು ನಡುವೆ ನಿಂತ ಆ ಇಂಗ್ಲಿಷ್ ಪದ. ಅದನ್ನು ಪಕ್ಕಕ್ಕಿಟ್ಟು ನೇರವಾಗಿ ಕನ್ನಡದಿಂದ ಕೊರಿಯನ್‌ಗೆ ಹೋದರೆ ಅರ್ಧ ಕಷ್ಟ ತಾನಾಗಿಯೇ ಕಡಿಮೆಯಾಗುತ್ತದೆ, ಏಕೆಂದರೆ ಈ ವಿಷಯದಲ್ಲಿ ಕನ್ನಡವು ಇಂಗ್ಲಿಷಿಗಿಂತ ಹೆಚ್ಚು ಸೂಕ್ಷ್ಮವಾಗಿದೆ. ನಾವು ಆದೇಶವನ್ನು ಹೊರಡಿಸುತ್ತೇವೆ, ಸಮನ್ಸನ್ನು ಜಾರಿ ಮಾಡುತ್ತೇವೆ, ಅಂಚೆ ಚೀಟಿಯನ್ನು ಬಿಡುಗಡೆ ಮಾಡುತ್ತೇವೆ, ಪಡಿತರ ಚೀಟಿಯನ್ನು ವಿತರಿಸುತ್ತೇವೆ, ಹೊಸ ನೋಟನ್ನು ಚಲಾವಣೆಗೆ ತರುತ್ತೇವೆ, ಪ್ರಮಾಣಪತ್ರವನ್ನು ಮಾತ್ರ ‘ನೀಡು’ತ್ತೇವೆ. ತಹಶೀಲ್ದಾರರು ನಿಮ್ಮ ಜಾತಿ ಪ್ರಮಾಣಪತ್ರವನ್ನು ‘ಬಿಡುಗಡೆ ಮಾಡಿದರು’ ಎಂದು ಯಾರಾದರೂ ಬರೆದರೆ, ವೇದಿಕೆ, ದೀಪ, ಹೂಗುಚ್ಛಗಳೆಲ್ಲ ಕಣ್ಣ ಮುಂದೆ ಬಂದು ನಗು ಬರುತ್ತದೆಯಲ್ಲವೇ? ನಿಮ್ಮ ವಾಕ್ಯ ಅಷ್ಟು ವಿಚಿತ್ರವಾಗಿರಲಿಲ್ಲ, ಆದರೆ ಅದೇ ದಿಕ್ಕಿನಲ್ಲಿತ್ತು.

ಮೊದಲು ಪದಗಳ ಒಳಗನ್ನು ನೋಡೋಣ. ಕೊರಿಯನ್ ಭಾಷೆಯ ಗಂಭೀರ ಬರವಣಿಗೆಯಲ್ಲಿ ಚೀನೀ ಮೂಲದ ಪದಗಳಿಗೆ ಇರುವ ಸ್ಥಾನ, ಕನ್ನಡದಲ್ಲಿ ಸಂಸ್ಕೃತ ಮೂಲದ ಪದಗಳಿಗೆ ಇರುವ ಸ್ಥಾನದಂತಹದೇ. ಅಂತಹ ನಾಮಪದಕ್ಕೆ ‘ಹಾದಾ’, ಅಂದರೆ ‘ಮಾಡು’ ಎಂಬುದನ್ನು ಸೇರಿಸಿದರೆ ಕ್ರಿಯಾಪದ ಸಿದ್ಧವಾಗುತ್ತದೆ. ನಾವು ‘ಪ್ರಕಟ’ಕ್ಕೆ ‘ಇಸು’ ಸೇರಿಸಿ ‘ಪ್ರಕಟಿಸು’ ಎನ್ನುವ ಹಾಗೆ. ‘ಬಾಲ್’ ಎಂದರೆ ಹೊರಕ್ಕೆ ಹೊಮ್ಮುವುದು, ಹೊರಡುವುದು. ಹೊರಡುವಿಕೆಗೆ ಕೊರಿಯನ್ ಧಾರಾವಾಹಿಗಳಲ್ಲಿ ನೀವು ಕೇಳಿರಬಹುದಾದ ‘ಛುಲ್‌ಬಾಲ್’ ಎಂಬ ಪದದಲ್ಲಿರುವುದೂ ಇದೇ. ‘ಹೆಂಗ್’ ಎಂದರೆ ನಡೆಯುವುದು, ಸಾಗುವುದು. ಪ್ರವಾಸಕ್ಕೆ ‘ಯೊಹೆಂಗ್’, ವಿಮಾನಕ್ಕೆ ‘ಬಿಹೆಂಗ್‌ಗಿ’ ಎನ್ನುವಾಗ ಬರುವ ಹೆಂಗ್ ಇದೇ. ಆದ್ದರಿಂದ ‘ಬಾಲ್‌ಹೆಂಗ್’ ಎಂದರೆ ಹೊರಗೆ ಬಂದು ಊರೆಲ್ಲ ಓಡಾಡುವಂತೆ ಮಾಡುವುದು. ‘ಗುಪ್’ ಎಂಬುದರ ಅರ್ಥ ಬೇರೆ: ಕೊಡುವುದು. ತಿಂಗಳ ಸಂಬಳವನ್ನು ‘ವೊಲ್‌ಗುಪ್’ ಎನ್ನುತ್ತಾರೆ, ಅಂದರೆ ತಿಂಗಳಿಗೆ ಕೊಡುವುದು. ‘ಬಾಲ್‌ಗುಪ್’ನಲ್ಲಿ ಹೊರಗೆ ಬಂದ ವಸ್ತು ಒಬ್ಬರ ಕೈ ಸೇರುತ್ತದೆ.

ಈಗ ನಿಮ್ಮ ಕೈಚೀಲದಲ್ಲಿರುವ ನೀಲಿ ಬಣ್ಣದ ಐವತ್ತು ರೂಪಾಯಿಯ ನೋಟನ್ನು ತೆಗೆದು ತಿರುಗಿಸಿ ನೋಡಿ. ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. ರಿಸರ್ವ್ ಬ್ಯಾಂಕು ಈ ನೋಟನ್ನು ಹೊರತಂದದ್ದು 2017ರ ಆಗಸ್ಟ್‌ನಲ್ಲಿ. ಆಗ ಹಂಪಿ ಬಳ್ಳಾರಿ ಜಿಲ್ಲೆಯಲ್ಲಿಯೇ ಇತ್ತು. ಆ ನೋಟನ್ನು ಯಾರೂ ಅರ್ಜಿ ಹಾಕಿ ಪಡೆಯಲಿಲ್ಲ, ಯಾರ ಹೆಸರೂ ಅದರ ಮೇಲೆ ಇಲ್ಲ. ಅದು ಬ್ಯಾಂಕಿನಿಂದ ಹೊರಟು ಸಂತೆಗೆ, ಬಸ್ಸಿಗೆ, ಹುಂಡಿಗೆ ಸಾಗುತ್ತದೆ. ಇದು ಅಪ್ಪಟ ಬಾಲ್‌ಹೆಂಗ್. ದಕ್ಷಿಣ ಕೊರಿಯಾದಲ್ಲಿ 1950ರಲ್ಲಿ ಸ್ಥಾಪನೆಯಾದ ‘ಹಾನ್‌ಗುಕ್ ಉನ್‌ಹೆಂಗ್’ ಎಂಬ ಕೇಂದ್ರ ಬ್ಯಾಂಕು, ಚಿತ್ರಕಲಾವಿದೆ ಶಿನ್ ಸಾಇಮ್‌ದಾಂಗ್ ಅವರ ಭಾವಚಿತ್ರವಿರುವ 50,000 ವೊನ್ ನೋಟನ್ನು 2009ರ ಜೂನ್ 23ರಂದು ಬಾಲ್‌ಹೆಂಗ್ ಮಾಡಿತು. ಅಂಚೆ ಚೀಟಿ, ಸಾಲಪತ್ರ, ಕಂಪನಿಯ ಷೇರು, ಲಾಟರಿ ಚೀಟಿ, ಪತ್ರಿಕೆ ಇವೆಲ್ಲ ಇದೇ ಕ್ರಿಯಾಪದದ ಪಾಲಿಗೆ ಬರುತ್ತವೆ.

ನಿಮ್ಮ 371(ಜೆ) ಪ್ರಮಾಣಪತ್ರದ ಕಥೆ ಹಾಗಿಲ್ಲ. ಕಲ್ಯಾಣ ಕರ್ನಾಟಕದವರಿಗೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿಗೆ ದಾರಿ ಮಾಡಿದ 371(ಜೆ) ವಿಧಿಯನ್ನು ಸೇರಿಸಿದ ಸಂವಿಧಾನದ 98ನೆಯ ತಿದ್ದುಪಡಿ 2013ರಲ್ಲಿ ಜಾರಿಗೆ ಬಂದ ಮೇಲೆ ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಆ ಕಾಗದವನ್ನು ಮದುವೆಯ ಒಡವೆಯ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕಾಪಾಡುತ್ತಾರೆ. ಅದರಲ್ಲಿ ನಿಮ್ಮ ಹೆಸರಿದೆ, ತಂದೆಯವರ ಹೆಸರಿದೆ, ಊರು ಇದೆ. ನೀವು ಅರ್ಜಿ ಕೊಟ್ಟಿರಿ, ದಾಖಲೆ ಲಗತ್ತಿಸಿದಿರಿ, ಕಾದಿರಿ, ಕಚೇರಿಯವರು ನಿಮಗೇ ಕೊಟ್ಟರು. ಅದು ನೋಟಿನಂತೆ ಕೈಯಿಂದ ಕೈಗೆ ದಾಟುವಂತಿಲ್ಲ. ಹೀಗೆ ಕೇಳಿದವರಿಗೆ, ಅವರ ಹೆಸರಿಗೆ, ಅಧಿಕಾರವುಳ್ಳವರು ಕೊಡುವುದಕ್ಕೆ ಬಾಲ್‌ಗುಪ್ ಸಲ್ಲುತ್ತದೆ. ಪಾಸ್‌ಪೋರ್ಟ್, ವೀಸಾ, ಚಾಲನಾ ಪರವಾನಗಿ, ಕ್ರೆಡಿಟ್ ಕಾರ್ಡ್ ಎಲ್ಲವೂ ಈ ಕಡೆಗೆ.

ಆದರೂ ನಿಮ್ಮ ಪರವಾಗಿ ಒಂದು ಮಾತು ಹೇಳಲೇಬೇಕು. ಕೊರಿಯಾದ ರಾಷ್ಟ್ರೀಯ ಭಾಷಾ ಸಂಸ್ಥೆಯ ಪ್ರಮಾಣ ನಿಘಂಟಿನಲ್ಲಿ ಬಾಲ್‌ಹೆಂಗ್ ಪದದ ವಿವರಣೆಯೊಳಗೆ ಹಣ, ಸಾಲಪತ್ರಗಳ ಜೊತೆಗೆ ಪ್ರಮಾಣಪತ್ರವೂ ಇದೆ. ಬಾಲ್‌ಗುಪ್ ಪದವನ್ನು ಅದೇ ನಿಘಂಟು ಪ್ರಮಾಣಪತ್ರ ಮೊದಲಾದವನ್ನು ‘ಬಾಲ್‌ಹೆಂಗ್ ಮಾಡಿ ಕೊಡುವುದು’ ಎಂಬ ಅರ್ಥದಲ್ಲಿಯೇ ವಿವರಿಸುತ್ತದೆ. ಹಾಗಾಗಿ ನಿಮ್ಮ ವಾಕ್ಯ ವ್ಯಾಕರಣಕ್ಕೆ ವಿರುದ್ಧವಾಗಿರಲಿಲ್ಲ. ಕಚೇರಿಯೊಂದು ವರ್ಷವಿಡೀ ಎಷ್ಟು ಪ್ರಮಾಣಪತ್ರಗಳನ್ನು ಹೊರಡಿಸಿತು ಎಂದು ವರದಿ ಬರೆಯುವಾಗ ಬಾಲ್‌ಹೆಂಗ್ ನಡೆಯುತ್ತದೆ. ‘ನನಗೆ ಕೊಟ್ಟರು’ ಎಂದಾಗ ಬಾಲ್‌ಗುಪ್ ಸಹಜ. ನನ್ನ ಅಭಿಪ್ರಾಯದಲ್ಲಿ ಶಿಕ್ಷಕಿಯವರ ತಿದ್ದುಪಡಿ ಸರಿಯಾದದ್ದೇ, ಕೆಂಪು ಗೆರೆಯ ಬದಲು ಪೆನ್ಸಿಲ್ ಗೆರೆ ಸಾಕಾಗಿತ್ತು.

ವಾಕ್ಯವನ್ನು ಕಟ್ಟುವಾಗ ಇನ್ನೊಂದು ಹೆಜ್ಜೆ ಇದೆ, ಮತ್ತು ಕಲಿಯುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಕೊರಿಯನ್ನರು ಇಂತಹ ಸಂದರ್ಭದಲ್ಲಿ ಅಧಿಕಾರಿಯನ್ನು ಕರ್ತೃವಾಗಿ ಮುಂದೆ ನಿಲ್ಲಿಸುವುದು ಕಡಿಮೆ. ಪಡೆದವರು ತಮ್ಮ ಕಡೆಯಿಂದ ಹೇಳುತ್ತಾರೆ. ಅದಕ್ಕೆ ‘ಹಾದಾ’ ತೆಗೆದು ‘ಪಡೆ’ ಎಂಬ ಅರ್ಥದ ‘ಬಾತ್ತಾ’ ಸೇರಿಸುತ್ತಾರೆ: ‘ಜುಂಗ್‌ಮ್ಯೊಂಗ್‌ಸೊರುಲ್ ಬಾಲ್‌ಗುಪ್ಪಾದಾಸ್ಸುಮ್ನಿದಾ’, ಅಂದರೆ ಪ್ರಮಾಣಪತ್ರವನ್ನು ಪಡೆದೆ. ನಮ್ಮ ರೈತರು ‘ಪಹಣಿ ತೆಗೆಸಿಕೊಂಡು ಬಂದೆ’ ಎನ್ನುವಾಗ ಪಹಣಿ ಕೊಟ್ಟ ಅಧಿಕಾರಿ ಮಾತಿನಲ್ಲಿ ಕಾಣಿಸುವುದೇ ಇಲ್ಲವಲ್ಲ, ಹಾಗೆಯೇ ಇದು. ಕಿಟಕಿಯ ಮುಂದೆ ನಿಂತು ಕೇಳುವುದಾದರೆ ‘ಜುಂಗ್‌ಮ್ಯೊಂಗ್‌ಸೊರುಲ್ ಬಾಲ್‌ಗುಫೆ ಜುಸೆಯೊ’ ಎನ್ನಬೇಕು. ನೀವು ಮುಂದೆ ಓದಲು ಅಲ್ಲಿಗೆ ಹೋದರೆ ಈ ಮಾತು ಮೊದಲ ತಿಂಗಳುಗಳಲ್ಲಿಯೇ ಕೆಲಸಕ್ಕೆ ಬರುತ್ತದೆ, ಏಕೆಂದರೆ 90 ದಿನಗಳಿಗಿಂತ ಹೆಚ್ಚು ಕಾಲ ಉಳಿಯುವ ವಿದೇಶೀಯರು ನೋಂದಣಿ ಮಾಡಿಸಿಕೊಂಡು ಗುರುತಿನ ಚೀಟಿಯನ್ನು ಪಡೆಯಬೇಕಾಗುತ್ತದೆ. ಅದು ಕಳೆದುಹೋದರೆ ಮತ್ತೆ ಪಡೆಯುವುದಕ್ಕೆ ‘ಜೆಬಾಲ್‌ಗುಪ್’ ಎಂಬ ಪದವಿದೆ.

ಉಚ್ಚಾರಣೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ‘ಬಾಲ್‌ಗುಪ್’ಗೆ ‘ಹಾದಾ’ ಸೇರಿದಾಗ ಬರವಣಿಗೆಯಲ್ಲಿ ಪ ಮತ್ತು ಹ ಬೇರೆ ಬೇರೆಯಾಗಿಯೇ ಉಳಿಯುತ್ತವೆ, ನಾಲಿಗೆಯ ಮೇಲೆ ಮಾತ್ರ ಎರಡೂ ಕೂಡಿ ಮಹಾಪ್ರಾಣವಾಗುತ್ತವೆ. ಅದು ‘ಫಲ’ ಎಂಬುದರ ಫ. ‘ಫೋನ್’ ಎಂಬುದರ ಫ ಆಗಬಾರದು. ಸಂಧಿ ಕಲಿತ ಕನ್ನಡಿಗರಿಗೆ ಇದು ಸುಲಭ. ‘ಬಾಲ್‌ಹೆಂಗ್’ ಎಂಬುದರಲ್ಲಿ ನಮ್ಮ ‘ಹೆಂಗ್ ಅದೀರಿ’ಯ ಹೆಂಗ್ ನೆನಪಾಗಿ ಪದ ಬೇಗ ಮನಸ್ಸಿನಲ್ಲಿ ಕೂರುತ್ತದೆ, ಆದರೆ ಕೊನೆಯ ಗಕಾರವನ್ನು ಬಿಡಿಸಿ ಹೇಳಬಾರದು, ಧ್ವನಿ ಮೂಗಿನಲ್ಲಿಯೇ ನಿಲ್ಲಬೇಕು. ‘ಗುಪ್’ನ ಉಕಾರವನ್ನು ತುಟಿ ದುಂಡಗೆ ಮಾಡದೆ, ಹಲ್ಲು ಕಾಣುವಂತೆ ಹೇಳಬೇಕು, ಆ ಸ್ವರಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲದ ಕಾರಣ ಉಕಾರವನ್ನೇ ಬಳಸಿದ್ದೇನೆ.

ಪ್ರಶ್ನೆ: ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಕೊರಿಯನ್ ಕಂಪನಿಗಳಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಪ್ರಯತ್ನಿಸುವ ಆಸೆಯಿಂದ ಭಾಷೆ ಕಲಿಯುತ್ತಿದ್ದೇನೆ. ತೆರಿಗೆ ಬಿಲ್ಲಿಗೆ ಒಂದು ಪಾಠದಲ್ಲಿ ಬಾಲ್‌ಹೆಂಗ್ ಎಂದೂ ಇನ್ನೊಂದರಲ್ಲಿ ಬಾಲ್‌ಗುಪ್ ಎಂದೂ ಇದೆ. ಯಾವುದನ್ನು ಬಳಸಲಿ? – ಓದುಗರೊಬ್ಬರು, ಬಳ್ಳಾರಿ

ಉತ್ತರ: ಎರಡೂ ಬಳಕೆಯಲ್ಲಿವೆ. ಕೊರಿಯಾದಲ್ಲಿ 1977ರಿಂದ ಮೌಲ್ಯವರ್ಧಿತ ತೆರಿಗೆ ಇದೆ, ದರ ಶೇ. 10. ಮಾರಿದವರು ಕೊಂಡವರಿಗೆ ಕೊಡುವ ‘ಸೆಗುಮ್ ಗ್ಯೆಸಾನ್‌ಸೊ’ ಎಂಬ ತೆರಿಗೆ ಬಿಲ್ಲನ್ನು 2011ರಿಂದ ಕಂಪನಿಗಳು ವಿದ್ಯುನ್ಮಾನ ರೂಪದಲ್ಲಿಯೇ ಕೊಡಬೇಕು. ಆ ತೆರಿಗೆಯ ಕಾಯ್ದೆಯು ಬಾಲ್‌ಗುಪ್ ಎನ್ನುತ್ತದೆ, ವ್ಯಾಪಾರಿಗಳು ಮತ್ತು ಲೆಕ್ಕಿಗರು ಮಾತಿನಲ್ಲಿ ಧಾರಾಳವಾಗಿ ಬಾಲ್‌ಹೆಂಗ್ ಎನ್ನುತ್ತಾರೆ. ಪರೀಕ್ಷೆಯಲ್ಲಿಯೂ ಅಧಿಕೃತ ಪತ್ರದಲ್ಲಿಯೂ ಕಾಯ್ದೆಯ ಪದವನ್ನು ಹಿಡಿಯಿರಿ. ಸಹೋದ್ಯೋಗಿಗಳು ಇನ್ನೊಂದನ್ನು ಹೇಳಿದರೆ ತಿದ್ದಲು ಹೋಗಬೇಡಿ.

ಇಲ್ಲಿ ರಾಯಚೂರಿನ ಓದುಗರಿಗೆ ನಾನು ಹೇಳಿದ್ದಕ್ಕೆ ಒಂದು ತಿದ್ದುಪಡಿಯನ್ನೂ ಸೇರಿಸಬೇಕಾಗಿದೆ. ಚೆಕ್ಕನ್ನು ಒಬ್ಬರ ಹೆಸರಿಗೇ ಬರೆದುಕೊಡುತ್ತೇವೆ, ಆದರೂ ಅದಕ್ಕೆ ಬಾಲ್‌ಹೆಂಗ್ ಎಂದೇ ಹೇಳಬೇಕು. ಒಬ್ಬರಿಗೆ ಕೊಟ್ಟದ್ದೋ ಹಲವರಿಗೋ ಎಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಚೆಕ್ಕಿನ ಹಿಂದೆ ಸಹಿ ಮಾಡಿ ಮತ್ತೊಬ್ಬರಿಗೆ ದಾಟಿಸಬಹುದು, ಅದು ಹಣದಂತೆ ಸಾಗಬಲ್ಲದು. ಸಾಗುವ ಗುಣವಿದ್ದಲ್ಲಿ ‘ಹೆಂಗ್’ ಇರುತ್ತದೆ. ತೆರಿಗೆ ಬಿಲ್ಲು ಸಾಗುವುದಿಲ್ಲ, ಆದರೆ ಚೆಕ್ ಪುಸ್ತಕದ ಹಾಗೆಯೇ ಕ್ರಮಸಂಖ್ಯೆಯೊಂದಿಗೆ ಕೊಡುವವರ ದಫ್ತರದಿಂದ ಹೊರಡುತ್ತದೆ. ವ್ಯಾಪಾರಿಗಳ ನಾಲಿಗೆ ಆ ಕಡೆಗೆ ವಾಲಿದ್ದಕ್ಕೆ ಇದೇ ಕಾರಣವಿರಬೇಕೆಂದು ನನಗನ್ನಿಸುತ್ತದೆ.

ಅಂಗಡಿಯ ಮಾತಿನಲ್ಲಂತೂ ಈ ಎರಡೂ ಪದಗಳು ಬಿಗಿಯೆನಿಸುತ್ತವೆ. ಅಲ್ಲಿ ‘ಕ್ಕುನ್ಥಾ’, ಅಂದರೆ ‘ಕತ್ತರಿಸು’ ಎನ್ನುತ್ತಾರೆ: ‘ಗ್ಯೆಸಾನ್‌ಸೊ ಕ್ಕುನೊ ಜುಸೆಯೊ’. ಕಚೇರಿಯಿಂದ ದಾಖಲೆಯ ನಕಲು ತರುವುದಕ್ಕೆ ‘ತ್ತೆದಾ’, ಅಂದರೆ ಅಂಟಿದ್ದನ್ನು ಬಿಡಿಸು, ಕೀಳು ಎನ್ನುವ ಕ್ರಿಯಾಪದವಿದೆ. ಪುಸ್ತಕದಿಂದ ಹಾಳೆ ಹರಿದು ಕೊಡುತ್ತಿದ್ದ ಕಾಲದ ನೆನಪು ಈ ಮಾತುಗಳಲ್ಲಿ ಉಳಿದುಕೊಂಡಂತಿದೆ. ‘ರಸೀದಿ ಹರೀರಿ’, ‘ಬಿಲ್ ಹರಿದು ಕೊಡ್ರಿ’ ಎಂದು ದಿನವೂ ಕೇಳುವ ನಿಮಗೆ ಇದರ ಅರ್ಥವನ್ನು ಬೇರೆ ಬಿಡಿಸಿ ಹೇಳಬೇಕಾಗಿಲ್ಲ. ಯಂತ್ರದಿಂದ ಬಿಲ್ಲು ಬರುವ ಈ ದಿನಗಳಲ್ಲಿಯೂ ನಾವು ಹರಿಯುವುದನ್ನು ಬಿಟ್ಟಿಲ್ಲ, ಅವರು ಕತ್ತರಿಸುವುದನ್ನು ಬಿಟ್ಟಿಲ್ಲ.

ಪ್ರಶ್ನೆ: ಮಸ್ಕಿಯ ಅಶೋಕನ ಶಾಸನದ ಬಗ್ಗೆ ಕೊರಿಯನ್‌ನಲ್ಲಿ ನಾಲ್ಕು ಸಾಲು ಬರೆಯಬೇಕಾಗಿದೆ. ಅರಸನು ಶಾಸನ ಹೊರಡಿಸಿದನು ಎಂಬುದಕ್ಕೆ ಬಾಲ್‌ಹೆಂಗ್‌ಹಾದಾ ಆಗುತ್ತದೆಯೇ? – ಶಿಕ್ಷಕರೊಬ್ಬರು, ಮಸ್ಕಿ

ಉತ್ತರ: ಆಗುವುದಿಲ್ಲ. ಬಾಲ್‌ಹೆಂಗ್ ಎಂದರೆ ಅಚ್ಚು ಹಾಕಿಸಿ ಹಂಚಿದಂತಾಗುತ್ತದೆ. ಕಾನೂನು ಮತ್ತು ರಾಜಾಜ್ಞೆಗಳನ್ನು ಜನರಿಗೆ ತಿಳಿಯುವಂತೆ ಸಾರುವುದಕ್ಕೆ ಬೇರೆ ಪದಗಳಿವೆ. ಇಂದಿನ ಕಾನೂನುಗಳಿಗೆ ‘ಗೊಂಗ್‌ಫೊಹಾದಾ’ ಎನ್ನುತ್ತಾರೆ. ಕಾನೂನು ಗೊಂಗ್‌ಫೊ ಆಗುವುದು ‘ಗ್ವಾನ್‌ಬೊ’ ಎಂಬ ಸರ್ಕಾರಿ ರಾಜ್ಯಪತ್ರದಲ್ಲಿ ಅಚ್ಚಾಗುವುದರ ಮೂಲಕ. ಆ ರಾಜ್ಯಪತ್ರವನ್ನು ಹೊರತರುವುದು ಮಾತ್ರ ಮತ್ತೆ ಬಾಲ್‌ಹೆಂಗ್. ‘ಗೊಂಗ್‌ಫೊ’ ಎಂಬ ಉಚ್ಚಾರಣೆಗೆ ‘ಭಯ’ ಎಂಬ ಇನ್ನೊಂದು ಅರ್ಥವೂ ಇದ್ದು, ದೆವ್ವದ ಚಿತ್ರಗಳ ಜಾಹೀರಾತಿನಲ್ಲಿ ಕಾಣುವುದು ಅದು. ಮೂಲ ಚೀನೀ ಅಕ್ಷರಗಳು ಬೇರೆ, ಸಂದರ್ಭದಿಂದ ತಿಳಿಯಬೇಕು.

ಹಳೆಯ ಅರಸರ ಸಂದರ್ಭಕ್ಕೆ ಒಪ್ಪುವುದು ‘ಬಾನ್‌ಫೊಹಾದಾ’. ಕೊರಿಯಾದ ಸೆಜೊಂಗ್ ಮಹಾರಾಜನು 1443ರಲ್ಲಿ ಸಿದ್ಧಪಡಿಸಿದ ಲಿಪಿಯನ್ನು 1446ರಲ್ಲಿ ಪ್ರಜೆಗಳಿಗೆ ಸಾರಿದ್ದಕ್ಕೆ ಅಲ್ಲಿನ ಪಠ್ಯಪುಸ್ತಕಗಳು ಬಳಸುವ ಪದ ಇದು. ದಕ್ಷಿಣ ಕೊರಿಯಾದಲ್ಲಿ ಅಕ್ಟೋಬರ್ 9ರಂದು ಲಿಪಿಯ ದಿನವನ್ನು ಆಚರಿಸುವುದು ಆ ನೆನಪಿಗೆ. 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೊತ್ತಿರುವ ನಿಮ್ಮ ಊರಿನ ಬಂಡೆಗೂ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಶಾಸನಗಳಿಗೂ ಅದೇ ಪದ ಸಲ್ಲುತ್ತದೆ. ವಾಕ್ಯವನ್ನು ಹೀಗೆ ಬರೆಯಬಹುದು: ‘ಆಸೊಖಾ ವಾಂಗಿ ಛಿಂಗ್‌ನ್ಯೊಂಗುಲ್ ಬಾನ್‌ಫೊಹಾಯೊತ್ತಾ’, ಅಂದರೆ ಅಶೋಕ ಅರಸನು ರಾಜಾಜ್ಞೆಯನ್ನು ಸಾರಿದನು. ಕೊನೆಯ ‘ಹಾಯೊತ್ತಾ’ ಬರವಣಿಗೆಗೆ ಮೀಸಲಾದ ರೂಪ. ಮಕ್ಕಳ ಮುಂದೆ ಬಾಯಲ್ಲಿ ಹೇಳುವಾಗ ‘ಹೆಸ್ಸುಮ್ನಿದಾ’ ಎಂದು ಬದಲಿಸಿಕೊಳ್ಳಿ.