ಸಿಂಬಲ್‌ನ ಸಮಯ ಹಿಡಿಯಲು ಇಷ್ಟೊಂದು ಗುಣಾಕಾರ ಬೇಕೇ?

ಪ್ರಶ್ನೆ: ಕಾಫಿ ತೋಟದ ಮಣ್ಣಿನ ತೇವಾಂಶವನ್ನು ಮನೆಗೆ ತಿಳಿಸುವ ರೇಡಿಯೋ ರಿಸೀವರನ್ನು ಚಿಕ್ಕದೊಂದು ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಿಕೊಳ್ಳಬಲ್ಲ ಚಿಪ್) ಮೇಲೆ ಕಟ್ಟುತ್ತಿದ್ದೇನೆ. ಬಿಪಿಎಸ್‌ಕೆ ವಿಧಾನ (ರೇಡಿಯೋ ಅಲೆಯ ಹಂತವನ್ನು ತಿರುಗಿಸಿ ಒಂದು–ಸೊನ್ನೆ ಕಳಿಸುವುದು), ಸೆಕೆಂಡಿಗೆ 10,000 ಸಿಂಬಲ್ (ಒಂದು ಬಿಟ್ ಹೊರುವ ಸಂಕೇತದ ತುಣುಕು), ಒಂದು ಪ್ಯಾಕೆಟ್ಟಿಗೆ 200 ಸಿಂಬಲ್, 12 ಮೆಗಾಹರ್ಟ್ಸ್ ಗಡಿಯಾರ. ಪ್ರತಿ ಸಿಂಬಲ್ಲನ್ನು ಯಾವ ಕ್ಷಣದಲ್ಲಿ ಓದಬೇಕೆಂದು ಕಂಡುಕೊಳ್ಳುವ ಟೈಮಿಂಗ್ ರಿಕವರಿಯೊಂದೇ ಚಿಪ್ಪಿನ ಮಲ್ಟಿಪ್ಲೈಯರ್‌ಗಳನ್ನೆಲ್ಲ ನುಂಗುತ್ತಿದೆ. ಅದನ್ನು ಹಗುರಗೊಳಿಸುವುದು ಹೇಗೆ, ಸರ್?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಪೊನ್ನಂಪೇಟೆ

ಉತ್ತರ: ನಿಮ್ಮ ಕೆಲಸಕ್ಕೆ ಸಮಯವನ್ನು ಸದಾ ಬೆನ್ನಟ್ಟುವ ಲೂಪ್ (ತಪ್ಪನ್ನು ಅಳೆದು ತಿದ್ದುತ್ತಲೇ ಇರುವ ಸುತ್ತು) ಬೇಕಾಗಿಯೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಕಳಿಸುವ ಮತ್ತು ಪಡೆಯುವ ಎರಡೂ ಕಡೆಯ ಗಡಿಯಾರ ನಡೆಸುವ ಕ್ರಿಸ್ಟಲ್‌ಗಳು ತಲಾ 20 ಪಿಪಿಎಂನಷ್ಟು (ಹತ್ತು ಲಕ್ಷದಲ್ಲಿ 20 ಭಾಗ) ವಿರುದ್ಧ ದಿಕ್ಕಿನಲ್ಲಿ ತಪ್ಪಿದರೂ ಒಟ್ಟು ವ್ಯತ್ಯಾಸ 40 ಪಿಪಿಎಂ. 200 ಸಿಂಬಲ್ ಮುಗಿಯುವಷ್ಟರಲ್ಲಿ ಸಮಯ ಜಾರುವುದು ಒಂದು ಸಿಂಬಲ್‌ನ 0.008 ಭಾಗ ಮಾತ್ರ. ಕೊಡಗಿನ ಬೆಳಗಿನ ಮಂಜಿಗೂ ಮಧ್ಯಾಹ್ನದ ಬಿಸಿಲಿಗೂ ಕ್ರಿಸ್ಟಲ್‌ನ ಆವರ್ತನ ಕದಲುತ್ತದೆಯಾದರೂ 20 ಮಿಲಿಸೆಕೆಂಡಿನ ಪ್ಯಾಕೆಟ್ಟಿನೊಳಗೆ ಅದು ಗಣನೆಗೆ ಬರುವುದಿಲ್ಲ.

ಆದ್ದರಿಂದ ಪ್ರತಿ ಪ್ಯಾಕೆಟ್ಟಿನ ಆರಂಭದಲ್ಲಿ ಒಂದು ಮತ್ತು ಸೊನ್ನೆ ಸರದಿಯಲ್ಲಿ ಬರುವ ಪೀಠಿಕೆಯನ್ನಿಟ್ಟು, ಸಮಯವನ್ನು ಅಲ್ಲಿ ಒಮ್ಮೆ ಮಾತ್ರ ಅಂದಾಜು ಮಾಡಿರಿ. ಸಂಶೋಧಕರಾದ ಓರ್ಡರ್ ಮತ್ತು ಮೈಯರ್ 1988ರಲ್ಲಿ ಪ್ರಕಟಿಸಿದ ವಿಧಾನ ಇದಕ್ಕೆ ಒಪ್ಪುತ್ತದೆ. ಸಿಂಬಲ್ಲಿಗೆ ನಾಲ್ಕು ಸ್ಯಾಂಪಲ್ (ಸಂಕೇತದ ಅಳತೆ) ತೆಗೆದುಕೊಂಡು, ಪ್ರತಿಯೊಂದರ ಐ ಮತ್ತು ಕ್ಯೂ (ಸಂಕೇತದ ಪರಸ್ಪರ ಲಂಬವಾದ ಎರಡು ಅಂಶಗಳು) ಬೆಲೆಗಳನ್ನು ವರ್ಗಮಾಡಿ ಕೂಡಿಸಿದರೆ, ಸಿಂಬಲ್ ವೇಗದಲ್ಲಿ ಮರುಕಳಿಸುವ ಏರಿಳಿತವನ್ನು ಬೇರ್ಪಡಿಸುವ ಮುಂದಿನ ಫೊರಿಯರ್ ಲೆಕ್ಕದಲ್ಲಿ ಗುಣಕಗಳು ಬರಿಯ ಧನ ಒಂದು, ಋಣ ಒಂದು ಅಥವಾ ಅವುಗಳ ಕಾಲ್ಪನಿಕ ಜೋಡಿಗಳಾಗುವುದರಿಂದ, ಮೊದಲನೆಯದರಿಂದ ಮೂರನೆಯದನ್ನೂ ಎರಡನೆಯದರಿಂದ ನಾಲ್ಕನೆಯದನ್ನೂ ಕಳೆದು ಕೂಡುತ್ತಾ ಹೋಗುವುದಷ್ಟೇ ಉಳಿಯುತ್ತದೆ. ಕೊನೆಗೆ ಸಿಗುವ ಎರಡು ಮೊತ್ತಗಳಿಂದ, ಓದುವ ಕ್ಷಣವನ್ನು ಸೂಚಿಸುವ ಕೋನವನ್ನು ಪ್ಯಾಕೆಟ್ಟಿಗೆ ಒಂದೇ ಸಲ ಕಂಡುಹಿಡಿಯಬೇಕು. ಅದಕ್ಕೆ ಚಿಕ್ಕ ಕೋಷ್ಟಕವೊಂದು ಸಾಕು. ಕ್ಯಾರಿಯರ್‌ನ (ಮಾಹಿತಿ ಹೊತ್ತೊಯ್ಯುವ ರೇಡಿಯೋ ಅಲೆಯ) ಹಂತ ಮೊದಲೇ ತಿಳಿದಿರಬೇಕೆಂಬ ನಿಬಂಧನೆಯೂ ಇಲ್ಲ. ಆ ಬಳಿಕ ಆ ಕ್ಷಣದ ಬೆಲೆಗಾಗಿ ಅಕ್ಕಪಕ್ಕದ ಎರಡು ಸ್ಯಾಂಪಲ್‌ಗಳ ನಡುವೆ ಸರಳರೇಖೆಯ ಅಂದಾಜು ಮಾಡಿದರೆ ಬಿಪಿಎಸ್‌ಕೆಗೆ ಸಾಲುತ್ತದೆ.

ಇನ್ನೊಂದು ಮಾತು: ನೀವು ಕೊಟ್ಟಿರುವ ವೇಗದಲ್ಲಿ ಒಂದು ಸ್ಯಾಂಪಲ್ಲಿಗೆ 300 ಗಡಿಯಾರ ಬಡಿತಗಳು ಸಿಗುತ್ತವೆ. ಹೀಗಿರುವಾಗ ಪ್ರತಿ ಗುಣಾಕಾರಕ್ಕೂ ಪ್ರತ್ಯೇಕ ಮಲ್ಟಿಪ್ಲೈಯರ್ ಮೀಸಲಿಡುವುದು ದುಂದು. ಒಂದನ್ನೇ ಸರದಿಯ ಮೇಲೆ ದುಡಿಸಿಕೊಳ್ಳಬಹುದು.

ಪ್ಯಾಕೆಟ್ 5,000 ಸಿಂಬಲ್‌ಗೆ ಬೆಳೆದರೆ ಮಾತು ಬೇರೆ, ಜಾರುವಿಕೆ 0.2 ಸಿಂಬಲ್ ಮುಟ್ಟುವುದರಿಂದ ಲೂಪ್ ಬೇಕಾಗುತ್ತದೆ. ಆಗ ಸಿಂಬಲ್ಲಿಗೆ ಎರಡು ಸ್ಯಾಂಪಲ್ ಬೇಡುವ, ಗಾರ್ಡ್ನರ್ 1986ರಲ್ಲಿ ವಿವರಿಸಿದ ಸಮಯದ ದೋಷಪತ್ತೆಯ ವಿಧಾನವನ್ನೋ, ಕ್ಯಾರಿಯರ್ ಮೊದಲೇ ಸರಿಹೋಗಿದ್ದರೆ ಒಂದೇ ಸ್ಯಾಂಪಲ್‌ನಲ್ಲಿ ಕೆಲಸ ಮುಗಿಸುವ 1976ರ ಮುಲ್ಲರ್–ಮ್ಯೂಲರ್ ವಿಧಾನವನ್ನೋ ಆರಿಸಿಕೊಳ್ಳಿ. ಎರಡನೆಯದರಲ್ಲಿ ಬಿಪಿಎಸ್‌ಕೆ ತೀರ್ಮಾನಗಳು (ಬಂದ ಸಿಂಬಲ್ ಯಾವುದೆಂಬ ನಿರ್ಧಾರ) ಧನ ಒಂದು ಅಥವಾ ಋಣ ಒಂದು ಮಾತ್ರ ಆಗಿರುವುದರಿಂದ ಗುಣಾಕಾರದ ಜಾಗದಲ್ಲಿ ಚಿಹ್ನೆ ಬದಲಿಸಿದರೆ ಸಾಕು. ದೋಷದ ಏರಿಳಿತವನ್ನು ನಯಗೊಳಿಸುವ ಲೂಪ್ ಫಿಲ್ಟರಿನ ಗುಣಕಗಳನ್ನೂ ಎರಡರ ಘಾತಗಳಾಗಿಯೇ ಆರಿಸಿದರೆ ಬಿಟ್‌ಗಳನ್ನು ಬಲಕ್ಕೆ ಸರಿಸುವುದರಲ್ಲೇ ಅದರ ಲೆಕ್ಕ ಮುಗಿಯುತ್ತದೆ.